ಎಳೆಯ ಮೂಳೆ ಓದುವ ಕಣ್ಣು

ವೈಟ್‌ಫೀಲ್ಡ್‌ನಿಂದ ಎಲೆಕ್ಟ್ರಾನಿಕ್ ಸಿಟಿ ದಾಟಿ ಬೊಮ್ಮಸಂದ್ರದವರೆಗೆ ಹಬ್ಬಿರುವ ಬೆಂಗಳೂರಿನ ಹೊರ ಅಂಚಿಗೆ ವೈದ್ಯಕೀಯ ಚಿತ್ರಣದ ಜೊತೆ ಇರುವ ನಂಟು ಸಣ್ಣದಲ್ಲ. ಜಿಇ ಕಂಪನಿಯ ಜಾನ್ ಎಫ್. ವೆಲ್ಚ್ ತಂತ್ರಜ್ಞಾನ ಕೇಂದ್ರ ವೈಟ್‌ಫೀಲ್ಡ್‌ನಲ್ಲಿ ಶುರುವಾದದ್ದು 2000ದಲ್ಲಿ. ವಿಪ್ರೊ ಜಿಇ ಅದೇ ಭಾಗದಲ್ಲಿ ಸ್ಕ್ಯಾನಿಂಗ್ ಯಂತ್ರಗಳನ್ನು ತಯಾರಿಸುತ್ತದೆ. ಸೀಮೆನ್ಸ್ ಹೆಲ್ತಿನೀರ್ಸ್ ಬೊಮ್ಮಸಂದ್ರದ ಕಡೆ ನೆಲೆಯೂರಿದೆ. 2002ರಲ್ಲಿ ಡಾ. ಅರ್ಜುನ್ ಕಲ್ಯಾಣಪುರ ಮತ್ತು ಮಕ್ಕಳ ಹೃದ್ರೋಗ ತಜ್ಞೆ ಡಾ. ಸುನೀತಾ ಮಹೇಶ್ವರಿ ದಂಪತಿ ಕಟ್ಟಿದ ಟೆಲಿರೇಡಿಯಾಲಜಿ ಸಲ್ಯೂಷನ್ಸ್, ಅಮೆರಿಕದ ಆಸ್ಪತ್ರೆಗಳ ಸ್ಕ್ಯಾನ್‌ಗಳನ್ನು ವೈಟ್‌ಫೀಲ್ಡ್‌ನಲ್ಲಿ ಕೂತು ಓದಿ ವರದಿ ಕಳಿಸುವ ಕೆಲಸವನ್ನೇ ದೊಡ್ಡ ಉದ್ಯಮವಾಗಿ ಬೆಳೆಸಿತು. ಅಲ್ಲಿ ನಡುರಾತ್ರಿ ಮಂಚದಿಂದ ಬಿದ್ದ ಮಗುವಿನ ತಲೆಯ ಚಿತ್ರ ಇಲ್ಲಿ ಹಗಲುಹೊತ್ತಿನ ಕೆಲಸ. ಅದು ನಿದ್ದೆಗಣ್ಣಿಗಲ್ಲ, ಎಚ್ಚರವಾಗಿರುವ ತಜ್ಞರ ಕಣ್ಣಿಗೆ ಬೀಳುತ್ತದೆ.

ಹಾಗಿದ್ದರೆ ಇದೇ ಅಂಚಿನ ಹೆಬ್ಬಗೋಡಿಯ, ಜಿಗಣಿಯ, ಅತ್ತಿಬೆಲೆಯ ಮಗು ಬಿದ್ದರೆ? ಅಪ್ಪ ಅಮ್ಮ ಏನು ಕೆಲಸ ಮಾಡುತ್ತಾರೆ ಎನ್ನುವುದರ ಮೇಲೆ ಉತ್ತರ ನಿಂತಿದೆ. ಅಪಾರ್ಟ್‌ಮೆಂಟಿನ ಮಗುವಾದರೆ ಕಂಪನಿಯ ಇನ್ಶೂರೆನ್ಸ್ ಕಾರ್ಡ್ ಇರುತ್ತದೆ, ಹತ್ತಿರದಲ್ಲೇ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆ ಇರುತ್ತದೆ. ಆ ಮಗುವಿಗೆ ಬೇಕಾದದ್ದಕ್ಕಿಂತ ಹೆಚ್ಚು ಚಿತ್ರ ತೆಗೆಯುವ ಅಪಾಯ. ಆ ಅಪಾರ್ಟ್‌ಮೆಂಟ್ ಕಟ್ಟುತ್ತಿರುವವರ ಲೇಬರ್ ಶೆಡ್ಡಿನ ಮಗುವಿಗೆ ಒಂದು ಎಕ್ಸ್‌ರೇಯೂ ಸಿಗದೆ ಹೋಗುವ ಅಪಾಯ. ಇವು ಎರಡು ಬೇರೆ ಬೇರೆ ಸಮಸ್ಯೆಗಳು, ಒಂದಕ್ಕೆ ಸಂಯಮ ಮದ್ದು, ಇನ್ನೊಂದಕ್ಕೆ ಇನ್ನಷ್ಟು ಯಂತ್ರ ಮದ್ದು ಎಂದು ನಾವು ತಿಳಿದಿದ್ದೇವೆ. ನನ್ನ ಮಾತು ಬೇರೆ. ಎರಡಕ್ಕೂ ಬೇರು ಒಂದೇ: ಮಗುವಿನ ದೇಹವನ್ನು ಮಗುವಿನದೆಂದು ತಿಳಿದು ಚಿತ್ರ ತೆಗೆಸುವ, ತೆಗೆಯುವ, ಓದುವ ತಿಳಿವಳಿಕೆಯ ಕೊರತೆ. ಯಂತ್ರ ಎಷ್ಟು ಬಂದರೂ ಈ ಕೊರತೆ ತಾನಾಗಿ ತುಂಬುವುದಿಲ್ಲ.

ತಲೆಯ ಪೆಟ್ಟಿನಿಂದಲೇ ಶುರುಮಾಡೋಣ. ಮಗು ಸೋಫಾದಿಂದ ಉರುಳುತ್ತದೆ, ಹಣೆಯ ಮೇಲೆ ಬುಗುಟು ಏಳುತ್ತದೆ, ಅತ್ತು ಸುಮ್ಮನಾಗಿ ಆಟಕ್ಕೆ ತೊಡಗುತ್ತದೆ. ಮನೆಯವರಿಗೆ ಮಾತ್ರ ಸಮಾಧಾನವಿಲ್ಲ. "ಡಾಕ್ಟ್ರೇ, ಯಾವುದಕ್ಕೂ ಒಂದು ಸ್ಕ್ಯಾನ್ ಮಾಡಿಸಿಬಿಡಿ" ಎನ್ನುತ್ತಾರೆ. ಆ ಹೊತ್ತಿಗೆ ಅವರ ಎದೆಯಲ್ಲಿರುವ ಭಯ ನಿಜವಾದದ್ದು, ಅದನ್ನು ಹಗುರಾಗಿ ಕಾಣಬಾರದು. ಆದರೆ ಈ ಪ್ರಶ್ನೆಗೆ ವೈದ್ಯಶಾಸ್ತ್ರ ಸ್ಪಷ್ಟ ಉತ್ತರ ಹುಡುಕಿಕೊಂಡಿದೆ. ಅಮೆರಿಕದ ಮಕ್ಕಳ ತುರ್ತು ಚಿಕಿತ್ಸಾ ವಿಭಾಗಗಳು ಜೊತೆಗೂಡಿ ತಲೆಗೆ ಪೆಟ್ಟಾದ 42,412 ಮಕ್ಕಳನ್ನು ಗಮನಿಸಿ 2009ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಅಧ್ಯಯನ ಪ್ರಕಟಿಸಿದವು. ಮೂರರಲ್ಲಿ ಒಂದಕ್ಕಿಂತ ಹೆಚ್ಚು ಮಕ್ಕಳಿಗೆ ಸಿ.ಟಿ. ಆಗಿತ್ತು. ಗಂಭೀರವಾದ ಮಿದುಳಿನ ಗಾಯ ಇದ್ದದ್ದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಶಸ್ತ್ರಚಿಕಿತ್ಸೆ ಬೇಕಾದದ್ದು ಸಾವಿರಕ್ಕೆ ಒಂದೆರಡು ಮಕ್ಕಳಿಗೆ.

ಆ ಅಧ್ಯಯನದಿಂದ ಬಂದ ಸೂತ್ರಗಳು ಯಂತ್ರಕ್ಕಿಂತ ಮೊದಲು ಕಣ್ಣು, ಕಿವಿ, ಬೆರಳುಗಳಿಗೆ ಕೆಲಸ ಕೊಡುತ್ತವೆ. ಎರಡು ವರ್ಷದೊಳಗಿನ ಮಗು ಮಂಕಾಗಿದೆಯೇ? ತಲೆಬುರುಡೆ ಮುಟ್ಟಿದರೆ ಬಿರುಕು ಸಿಗುತ್ತದೆಯೇ? ಪ್ರಜ್ಞೆ ತಪ್ಪಿತ್ತೇ? ಮೂರು ಅಡಿಗಿಂತ ಎತ್ತರದಿಂದ ಬಿತ್ತೇ? ಊತ ಹಣೆಯಲ್ಲಿದೆಯೋ, ಕಿವಿಯ ಮೇಲುಗಡೆಯೋ, ತಲೆಯ ಹಿಂದೆಯೋ? ಹಣೆಯ ಬುಗುಟು ನೋಡಲು ಭಯ ಹುಟ್ಟಿಸಿದರೂ ಹೆದರಬೇಕಾದದ್ದು ಪಕ್ಕದ ಮತ್ತು ಹಿಂಬದಿಯ ಊತಕ್ಕೆ. ಇನ್ನೊಂದು ಪ್ರಶ್ನೆಯೂ ಆ ಪಟ್ಟಿಯಲ್ಲಿದೆ: "ಮಗು ಎಂದಿನ ಹಾಗೆ ಇದೆಯೇ?" ಇದಕ್ಕೆ ಉತ್ತರ ಹೇಳಬಲ್ಲವರು ತಾಯಿ ತಂದೆ ಮಾತ್ರ. ಹೆತ್ತವರ ಮಾತಿಗೆ ವಿಜ್ಞಾನ ಇಷ್ಟು ತೂಕ ಕೊಟ್ಟಿರುವುದು ನನಗೆ ಬಹಳ ಹಿಡಿಸಿದ ಸಂಗತಿ. ಈ ಯಾವ ಲಕ್ಷಣವೂ ಇಲ್ಲದ ಎರಡು ವರ್ಷದೊಳಗಿನ ಮಗುವಿನಲ್ಲಿ ಗಂಭೀರ ಗಾಯದ ಸಾಧ್ಯತೆ ಐದು ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಸಂಶಯ ಅಷ್ಟಿಷ್ಟು ಉಳಿದರೆ ಕೆಲವು ಗಂಟೆ ಆಸ್ಪತ್ರೆಯಲ್ಲೇ ಇಟ್ಟುಕೊಂಡು ನೋಡುವುದೂ ಚಿಕಿತ್ಸೆಯೇ. ನಮ್ಮಲ್ಲಿ ಅದಕ್ಕೆ ಬೆಲೆಯಿಲ್ಲ, ಏಕೆಂದರೆ ಕೊನೆಗೆ ಕೈಗೆ ಫಿಲ್ಮ್ ಸಿಗುವುದಿಲ್ಲ.

ಸ್ಕ್ಯಾನ್ ಮಾಡಿಸಿದರೆ ನಷ್ಟವೇನು? ಎದೆಯ ಒಂದು ಎಕ್ಸ್‌ರೇಯಿಂದ ಮಗುವಿಗೆ ತಗಲುವ ವಿಕಿರಣ, ನೆಲದಿಂದ ಆಕಾಶದಿಂದ ನಮಗೆಲ್ಲ ಕೆಲವೇ ದಿನಗಳಲ್ಲಿ ತಾನಾಗಿ ತಗಲುವಷ್ಟು. ಅದಕ್ಕೆ ಹೆದರಬೇಕಾಗಿಲ್ಲ. ತಲೆಯ ಸಿ.ಟಿ. ಹಾಗಲ್ಲ. ಅದು ಹಲವು ತಿಂಗಳ, ಕೆಲವೊಮ್ಮೆ ವರ್ಷದಷ್ಟು ಸಹಜ ವಿಕಿರಣಕ್ಕೆ ಸಮ. ಎಳೆಯ ಜೀವಕೋಶಗಳು ಬೇಗ ಬೇಗ ವಿಭಜನೆಯಾಗುವುದರಿಂದ ಅವುಗಳಿಗೆ ಪೆಟ್ಟು ಹೆಚ್ಚು. ಆ ಪೆಟ್ಟು ಕಾಯಿಲೆಯಾಗಿ ಮೇಲೆ ಬರಲು ಮಗುವಿನ ಮುಂದೆ ಎಪ್ಪತ್ತು ಎಂಬತ್ತು ವರ್ಷ ಬಿದ್ದಿದೆ. ಬ್ರಿಟನ್ನಿನಲ್ಲಿ ಸಿ.ಟಿ. ಆದ ಸುಮಾರು 1.8 ಲಕ್ಷ ಮಕ್ಕಳು ಮತ್ತು ಯುವಕರ ದಾಖಲೆ ನೋಡಿದ 2012ರ ಅಧ್ಯಯನದ ಅಂದಾಜಿನಂತೆ, ಹತ್ತು ವರ್ಷದೊಳಗಿನ 10,000 ಮಕ್ಕಳಿಗೆ ತಲೆಯ ಸ್ಕ್ಯಾನ್ ಮಾಡಿದರೆ ಮುಂದಿನ ಹತ್ತು ವರ್ಷಗಳಲ್ಲಿ ರಕ್ತದ ಕ್ಯಾನ್ಸರ್ ಒಂದು, ಮಿದುಳಿನ ಗೆಡ್ಡೆ ಒಂದು ಹೆಚ್ಚುವರಿಯಾಗಿ ಕಾಣಿಸಿಕೊಳ್ಳಬಹುದು. ಯುರೋಪಿನ ಒಂಬತ್ತು ದೇಶಗಳ 9 ಲಕ್ಷಕ್ಕೂ ಹೆಚ್ಚು ಮಂದಿಯನ್ನು ಹಿಂಬಾಲಿಸಿದ 2023ರ ಅಧ್ಯಯನವೂ ರಕ್ತದ ಕ್ಯಾನ್ಸರ್ ಬಗ್ಗೆ ಇದೇ ದಿಕ್ಕಿನ ಮಾತು ಹೇಳಿತು.

ಒಂದು ಮಗುವಿನ ಪಾಲಿಗೆ ಇದು ತೀರಾ ಚಿಕ್ಕ ಅಪಾಯ. ತಲೆಯೊಳಗೆ ರಕ್ತಸ್ರಾವದ ಅನುಮಾನ ನಿಜವಾಗಿ ಇದ್ದರೆ ಒಂದು ನಿಮಿಷವೂ ತಡಮಾಡದೆ ಸಿ.ಟಿ. ಮಾಡಿಸಬೇಕು. ವಿಕಿರಣದ ಭಯದಿಂದ ಅಂಥ ಸ್ಕ್ಯಾನ್ ಬೇಡ ಎನ್ನುವವರು ಮಗುವಿನ ಪ್ರಾಣಕ್ಕೇ ಕುತ್ತು ತರುತ್ತಾರೆ. ನನ್ನ ತಕರಾರು ಕಾರಣವಿಲ್ಲದೆ ತೆಗೆಯುವ ಸ್ಕ್ಯಾನಿನ ಬಗ್ಗೆ, ಮತ್ತು ದೊಡ್ಡವರಿಗೆ ಇಟ್ಟ ಅಳತೆಯಲ್ಲೇ ಮಕ್ಕಳಿಗೂ ತೆಗೆಯುವ ಸ್ಕ್ಯಾನಿನ ಬಗ್ಗೆ. ಎಪ್ಪತ್ತು ಕಿಲೋ ತೂಕದವರಿಗೆ ಇಟ್ಟ ಅಳತೆಯನ್ನು ಹತ್ತು ಕಿಲೋ ಮಗುವಿಗೂ ಇಟ್ಟರೆ ಮಗುವಿನ ಒಳಅಂಗಗಳಿಗೆ ತಗಲುವ ಪ್ರಮಾಣ ಇನ್ನೂ ಹೆಚ್ಚುತ್ತದೆ, ತಡೆಯಲು ಅಷ್ಟು ದಪ್ಪದ ದೇಹವೇ ಇಲ್ಲವಲ್ಲ. ಅಮೆರಿಕದಲ್ಲಿ 2008ರಲ್ಲಿ ಶುರುವಾದ 'ಇಮೇಜ್ ಜೆಂಟ್ಲಿ' ಆಂದೋಲನ ಎತ್ತಿಕೊಂಡದ್ದು ಇದನ್ನೇ. ಈಗಿನ ಯಂತ್ರಗಳಲ್ಲಿ ಮಕ್ಕಳ ಅಳತೆ ಮೊದಲೇ ಬರೆದಿಟ್ಟಿರುತ್ತದೆ. ಆ ಗುಂಡಿ ಒತ್ತುವ ಅಭ್ಯಾಸ ಮಾತ್ರ ಮನುಷ್ಯರದ್ದು.

ಇನ್ನು ಲೇಬರ್ ಶೆಡ್ಡಿನ ಕಡೆ ಬರೋಣ. ಅಲ್ಲಿ ಮಕ್ಕಳಿಗೆ ಹೆಚ್ಚಾಗಿ ಪೆಟ್ಟಾಗುವುದು ಕೈಗೆ. ಅರೆಬರೆ ಕಟ್ಟಿದ ಮೆಟ್ಟಿಲು, ಮರಳಿನ ಗುಡ್ಡೆ, ಕಂಬಿಯ ರಾಶಿಯೇ ಆಟದ ಬಯಲು. ಕೈಯೂರಿ ಬಿದ್ದ ಐದಾರು ವರ್ಷದ ಮಗುವಿನ ಮೊಣಕೈ ಮೇಲೆ ಮೂಳೆ ಮುರಿಯುತ್ತದೆ. ಹೊಸೂರು ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ದಾಟಿ ಸಂಜಯ ಗಾಂಧಿ ಆಸ್ಪತ್ರೆಗೋ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೋ ಹೋಗುವುದೆಂದರೆ ಇಬ್ಬರ ಒಂದು ದಿನದ ಕೂಲಿ ಹೋದಂತೆ. ಮುರಿದ ಮೂಳೆಗೆ ನಾಟಿ ಕಟ್ಟು ಹಾಕುವ ಪುತ್ತೂರು ಕಟ್ಟಿನ ಬೋರ್ಡು ಹತ್ತಿರದಲ್ಲೇ ಇರುತ್ತದೆ. ಎಕ್ಸ್‌ರೇ ಇಲ್ಲದೆ ಬಟ್ಟೆ, ಬಿದಿರ ದಬ್ಬೆ ಇಟ್ಟು ಕಟ್ಟಿ ಕಳಿಸುತ್ತಾರೆ.

ನಾಟಿ ಕಟ್ಟಿಗೆ ಜನ ಯಾಕೆ ಹೋಗುತ್ತಾರೆ ಎಂದರೆ ಅಜ್ಞಾನ ಎಂದು ಹೇಳಿ ಮುಗಿಸುವುದು ಅನ್ಯಾಯ. ಅನೇಕ ಮಕ್ಕಳಿಗೆ ಅಲ್ಲಿ ವಾಸಿಯಾಗುತ್ತದೆ. ಮಕ್ಕಳ ಮೂಳೆಯ ಮೇಲಿನ ಪೊರೆ ದಪ್ಪ, ರಕ್ತ ಸಂಚಾರ ಚೆನ್ನ, ಸ್ವಲ್ಪ ಸೊಟ್ಟಗೆ ಕೂಡಿಕೊಂಡರೂ ಬೆಳೆಯುತ್ತಾ ನೆಟ್ಟಗಾಗುತ್ತದೆ. ಹಸಿ ಕಡ್ಡಿಯಂತೆ ಒಂದು ಬದಿ ಮಾತ್ರ ಸೀಳಿದ, ಅಥವಾ ಮಣಿಕಟ್ಟಿನ ಬಳಿ ಸುಮ್ಮನೆ ಅಮುಕಿದ ಮೂಳೆ ಯಾರು ಕಟ್ಟಿದರೂ ಮೂರು ನಾಲ್ಕು ವಾರದಲ್ಲಿ ಕೂಡಿಕೊಳ್ಳುತ್ತದೆ. ಕೀರ್ತಿ ಕಟ್ಟಿದವರಿಗೆ ಹೋಗುತ್ತದೆ. ಮೊಣಕೈ ಮೇಲಿನ ಮುರಿತ ಮಾತ್ರ ಹಾಗಲ್ಲ. ಅಲ್ಲಿ ಮೂಳೆಯ ಮುಂದೆಯೇ ಕೈಗೆ ರಕ್ತ ಒಯ್ಯುವ ನಾಳವಿದೆ, ನರಗಳಿವೆ. ಊತವಿರುವ ಕೈಗೆ ಬಿಗಿಯಾಗಿ ಕಟ್ಟಿದರೆ ಒಳಗಿನ ಸ್ನಾಯುಗಳಿಗೆ ರಕ್ತ ನಿಲ್ಲುತ್ತದೆ. ಕೆಲವೇ ಗಂಟೆಗಳಲ್ಲಿ ಸ್ನಾಯು ಸಾಯತೊಡಗಿ, ಕಡೆಗೆ ಬೆರಳುಗಳು ಒಳಕ್ಕೆ ಮಡಚಿಕೊಂಡು ಕೈ ಜೀವನವಿಡೀ ಕೊಕ್ಕೆಯಾಗಿ ಉಳಿಯುತ್ತದೆ. ವೋಲ್ಕ್‌ಮನ್ ಎಂಬ ಜರ್ಮನ್ ಶಸ್ತ್ರವೈದ್ಯರು ಹತ್ತೊಂಬತ್ತನೇ ಶತಮಾನದಲ್ಲೇ ಇದನ್ನು ಬಣ್ಣಿಸಿದ್ದರು. ಯಾವುದು ಸುಮ್ಮನೆ ಕಟ್ಟಿದರೆ ಸಾಕಾಗುವ ಮುರಿತ, ಯಾವುದು ಕೈಯನ್ನೇ ಕಸಿಯುವ ಮುರಿತ ಎಂದು ತಿಳಿಯಲು ಒಂದು ಎಕ್ಸ್‌ರೇ ಬೇಕು, ಮಣಿಕಟ್ಟಿನ ನಾಡಿ ಮುಟ್ಟಿ ನೋಡುವವರು ಬೇಕು.

ಎಕ್ಸ್‌ರೇ ತೆಗೆದ ಮಾತ್ರಕ್ಕೂ ಕೆಲಸ ಮುಗಿಯದು. ಆರು ವರ್ಷದ ಮಗುವಿನ ಮೊಣಕೈ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿ. ಮೂಳೆಯ ತುದಿಯಿಂದ ಬೇರೆಯಾಗಿ ಸಣ್ಣ ಸಣ್ಣ ತುಣುಕುಗಳು ತೇಲುತ್ತಿರುವಂತೆ ಕಾಣುತ್ತದೆ. ಅವು ಮುರಿದ ಚೂರುಗಳಲ್ಲ. ಎಳೆಯ ಮೊಣಕೈ ಬಹುಪಾಲು ಮೃದ್ವಸ್ಥಿ, ಎಕ್ಸ್‌ರೇಗೆ ಕಾಣದು. ಅದರೊಳಗೆ ಆರು ಕಡೆ ಒಂದೊಂದಾಗಿ ಮೂಳೆ ಮೂಡುತ್ತದೆ. ಮೊದಲನೆಯದು ಒಂದು ವರ್ಷದ ಸುಮಾರಿಗೆ, ಆಮೇಲೆ ಹೆಚ್ಚುಕಡಿಮೆ ಮೂರು, ಐದು, ಏಳು, ಒಂಬತ್ತು, ಹನ್ನೊಂದನೇ ವಯಸ್ಸಿಗೆ ಉಳಿದವು. ವಯಸ್ಸು ತುಸು ಹಿಂದೆಮುಂದೆ ಆಗಬಹುದು, ಕ್ರಮ ಸಾಮಾನ್ಯವಾಗಿ ತಪ್ಪದು. ಏಳಕ್ಕೆ ಬರಬೇಕಾದ ತುಣುಕು ಕಾಣುತ್ತಿದ್ದು, ಐದಕ್ಕೇ ಬರಬೇಕಾಗಿದ್ದ ಒಳಬದಿಯ ತುಣುಕು ತನ್ನ ಜಾಗದಲ್ಲಿ ಇಲ್ಲವೆಂದರೆ ಬಲ್ಲವರಿಗೆ ಗಾಬರಿಯಾಗುತ್ತದೆ. ಅದು ಕಿತ್ತು ಬಂದು ಕೀಲಿನೊಳಗೆ ಸಿಕ್ಕಿಕೊಂಡಿರಬಹುದು. ಗೊತ್ತಿಲ್ಲದವರು ಅದನ್ನೇ ಏಳನೇ ವಯಸ್ಸಿನ ತುಣುಕೆಂದು ತಿಳಿದು, ಎಲ್ಲ ಸರಿಯಿದೆ ಎಂದು ಬರೆದು ಕಳಿಸುತ್ತಾರೆ. ಮೂಳೆ ಬೆಳೆಯುವ ಪಟ್ಟಿಗೆ ಆಗುವ ಗಾಯಗಳನ್ನು ಟೊರಾಂಟೊದ ಸಾಲ್ಟರ್ ಮತ್ತು ಹ್ಯಾರಿಸ್ 1963ರಲ್ಲಿ ಐದು ಬಗೆಯಾಗಿ ವಿಂಗಡಿಸಿದರು. ಆ ಪಟ್ಟಿ ಹಾಳಾದರೆ ಇವತ್ತು ಕಾಣದ ಗಾಯ ನಾಲ್ಕು ವರ್ಷದ ಮೇಲೆ ಗಿಡ್ಡವಾದ ಕೈಯಾಗಿ, ಸೊಟ್ಟ ಕಾಲಾಗಿ ಕಾಣುತ್ತದೆ.

ಮಕ್ಕಳ ಚಿತ್ರಗಳನ್ನೇ ಮುಖ್ಯವಾಗಿ ಓದುವ ರೇಡಿಯಾಲಜಿಸ್ಟರು ನಮ್ಮ ದೇಶದಲ್ಲಿ ವಿರಳ. ಇರುವವರೂ ದೊಡ್ಡ ಆಸ್ಪತ್ರೆಗಳಲ್ಲಿದ್ದಾರೆ. ಹೊರವಲಯದ ನರ್ಸಿಂಗ್ ಹೋಮಿನಲ್ಲಿ ಎಷ್ಟೋ ಸಲ ಎಕ್ಸ್‌ರೇಗೆ ವರದಿಯೇ ಇರುವುದಿಲ್ಲ. ಡ್ಯೂಟಿ ಡಾಕ್ಟರು ನೋಡಿದ್ದೇ ವರದಿ.

ಎಕ್ಸ್‌ರೇ ಕೋಣೆಯೊಳಗಿನ ಕುಶಲತೆಯ ಬಗ್ಗೆ ಯಾರೂ ಬರೆಯುವುದಿಲ್ಲ, ಆದ್ದರಿಂದ ಸ್ವಲ್ಪ ಹೇಳಬೇಕು. "ಉಸಿರು ಎಳೆದು ಹಿಡಿದುಕೋ" ಎಂದು ಒಂದು ವರ್ಷದ ಮಗುವಿಗೆ ಹೇಳಲಾಗದು. ಉಸಿರು ಬಿಟ್ಟ ಹೊತ್ತಿನಲ್ಲಿ ತೆಗೆದರೆ ಒಳ್ಳೆಯ ಶ್ವಾಸಕೋಶವೂ ನ್ಯುಮೋನಿಯಾ ಹಿಡಿದಂತೆ ಕಾಣುತ್ತದೆ, ಹೃದಯ ದೊಡ್ಡದಾದಂತೆ ಕಾಣುತ್ತದೆ. ಹಾಗಾಗಿ ಅನುಭವಿ ಟೆಕ್ನಿಷಿಯನ್ ಮಗುವಿನ ಹೊಟ್ಟೆಯನ್ನೇ ನೋಡುತ್ತಾ ನಿಲ್ಲುತ್ತಾರೆ. ಅಳುವ ಮಗು ಮುಂದಿನ ಅಳುವಿಗೆ ಉಸಿರು ತುಂಬಿಕೊಳ್ಳುವ ಆ ಕ್ಷಣಕ್ಕೆ ಗುಂಡಿ ಒತ್ತುತ್ತಾರೆ. ಯಂತ್ರದಿಂದ ಬೀಳುವ ಬೆಳಕಿನ ಚೌಕವನ್ನು ಬೇಕಾದಷ್ಟೇ ಜಾಗಕ್ಕೆ ಕಿರಿದು ಮಾಡುತ್ತಾರೆ. ಅವಸರದವರು ಆ ಚೌಕವನ್ನು ಅಗಲ ಬಿಟ್ಟು ಎದೆಯ ಜೊತೆಗೆ ಹೊಟ್ಟೆ, ತೊಡೆ, ತಲೆ ಎಲ್ಲವನ್ನೂ ಸೇರಿಸಿ ತೆಗೆಯುತ್ತಾರೆ. ಮಗುವಿಗೆ ಸೀಸದ ಹೊದಿಕೆ ಹಾಕಲಿಲ್ಲವೆಂದು ಜಗಳವಾಡುವ ಪೋಷಕರುಂಟು. ಆದರೆ ರೋಗಿಯ ಜನನಾಂಗಕ್ಕೆ ಸೀಸ ಮುಚ್ಚುವ ವಾಡಿಕೆಯನ್ನು ಕೈಬಿಡಿ ಎಂದು ಅಮೆರಿಕದ ವೈದ್ಯಕೀಯ ಭೌತಶಾಸ್ತ್ರಜ್ಞರ ಸಂಘ 2019ರಲ್ಲೇ ಹೇಳಿತು. ಅದರಿಂದ ಲಾಭ ಅತ್ಯಲ್ಪ, ಅಡ್ಡ ಬಂದರೆ ಮತ್ತೆ ಚಿತ್ರ ತೆಗೆಯಬೇಕಾಗುತ್ತದೆ. ನಿಜವಾದ ರಕ್ಷಣೆ ಇರುವುದು ಆ ಬೆಳಕಿನ ಚೌಕದಲ್ಲಿ. ಮಗುವನ್ನು ಹಿಡಿದುಕೊಳ್ಳುವ ತಾಯಿಗೆ ಮಾತ್ರ ಏಪ್ರನ್ ಖಂಡಿತ ಬೇಕು.

ಎಷ್ಟೋ ಪ್ರಶ್ನೆಗಳಿಗೆ ವಿಕಿರಣವೇ ಬೇಡ. ಹಸುಗೂಸಿನ ನೆತ್ತಿ ಇನ್ನೂ ಕೂಡಿರದ ಕಾರಣ ಅಲ್ಲಿಂದಲೇ ಅಲ್ಟ್ರಾಸೌಂಡ್ ಇಟ್ಟು ಮಿದುಳು ನೋಡಬಹುದು. ಕರುಳೊಳಗೆ ಕರುಳು ಸೇರಿಕೊಂಡು ಬಿಟ್ಟು ಬಿಟ್ಟು ಚೀರುವ ಕೂಸಿನ ಹೊಟ್ಟೆಯಲ್ಲಿ ಬಳೆಯೊಳಗೆ ಬಳೆಯಿಟ್ಟಂತೆ ಅದು ಕಾಣಿಸುತ್ತದೆ. ಆರು ತಿಂಗಳೊಳಗಿನ ಕೂಸಿನ ಸೊಂಟದ ಕೀಲು ಎಕ್ಸ್‌ರೇಗಿಂತ ಅಲ್ಟ್ರಾಸೌಂಡಿನಲ್ಲೇ ಚೆನ್ನಾಗಿ ತಿಳಿಯುತ್ತದೆ. ಹೆಣ್ಣುಮಗುವನ್ನು ಉಳಿಸಲೆಂದು 1994ರಲ್ಲಿ ಬಂದ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಿಂದಾಗಿ ಈ ಯಂತ್ರಗಳ ನೋಂದಣಿ, ಸಾಗಣೆಗೆ ಕಟ್ಟುನಿಟ್ಟಿದೆ. ಅದು ಇರಲೇಬೇಕು. ಹಸುಗೂಸಿನ ವಾರ್ಡಿಗೆಂದೇ ಮೀಸಲಾದ ಯಂತ್ರಕ್ಕೆ ಸರಳವಾದ ದಾರಿ ಮಾಡಿಕೊಡುವುದು ಆ ಕಾಯ್ದೆಯ ಆಶಯಕ್ಕೆ ವಿರೋಧವಾಗಲಾರದು ಎಂಬುದು ನನ್ನ ಅಭಿಪ್ರಾಯ.

ಬಹಳ ಎಚ್ಚರಿಕೆಯಿಂದ ಆಡಬೇಕಾದ ಮಾತು ಇನ್ನೊಂದಿದೆ. 1946ರಲ್ಲಿ ನ್ಯೂಯಾರ್ಕಿನ ಮಕ್ಕಳ ರೇಡಿಯಾಲಜಿಸ್ಟ್ ಜಾನ್ ಕ್ಯಾಫಿ ಆರು ಕೂಸುಗಳ ಬಗ್ಗೆ ಬರೆದರು. ಮಿದುಳಿನ ಸುತ್ತ ರಕ್ತ ಕಟ್ಟಿದ್ದ ಆ ಆರು ಕೂಸುಗಳ ಕೈಕಾಲುಗಳಲ್ಲಿ 23 ಮುರಿತಗಳಿದ್ದವು, ಆದರೆ ಬಿದ್ದ ಕತೆ ಯಾರೂ ಹೇಳಿರಲಿಲ್ಲ. ಮನೆಯಲ್ಲೇ ಪೆಟ್ಟು ತಿನ್ನುವ ಮಕ್ಕಳ ವಿಚಾರವನ್ನು 1962ರಲ್ಲಿ ಹೆನ್ರಿ ಕೆಂಪ್ ಮತ್ತು ಸಂಗಡಿಗರು ಬಿಚ್ಚಿ ಹೇಳುವುದಕ್ಕೆ ಮೊದಲೇ ಫಿಲ್ಮ್ ಅದನ್ನು ಹೇಳಿತ್ತು. 2012ರ ಏಪ್ರಿಲ್‌ನಲ್ಲಿ ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ ಮೂರು ತಿಂಗಳ ಹೆಣ್ಣುಕೂಸು ತಲೆಯ ಪೆಟ್ಟಿನಿಂದ ತೀರಿಕೊಂಡಾಗ ಇಡೀ ನಾಡು ಮರುಗಿತು. ತಂದೆಯ ಮೇಲೆಯೇ ಆರೋಪ ಬಂದಿತ್ತು. ಮಾತು ಬಾರದ ಕೂಸಿನ ಪಕ್ಕೆಲುಬಿನ ಹಿಂಬದಿಯಲ್ಲಿ ಹಳೆಯ ಮುರಿತ ವಾಸಿಯಾಗುತ್ತಿರುವ ಗುರುತನ್ನು ಕಂಡುಹಿಡಿಯಬಲ್ಲವರು ಅದರ ಎರಡನೇ ಪೆಟ್ಟನ್ನು ತಪ್ಪಿಸಬಲ್ಲರು. ಅಷ್ಟೇ ದೊಡ್ಡ ಅಪಾಯ ಇನ್ನೊಂದು ಬದಿಗೂ ಇದೆ. ವಿಟಮಿನ್ ಡಿ ಕೊರತೆಯ ರಿಕೆಟ್ಸ್‌ನಲ್ಲಿ, ಹುಟ್ಟಿನಿಂದಲೇ ಮೂಳೆ ಪೆಡಸಾಗಿರುವ ಕಾಯಿಲೆಯಲ್ಲಿ ಸಣ್ಣ ಎಳೆತಕ್ಕೂ ಮೂಳೆ ಮುರಿಯುತ್ತದೆ. ಓದಲು ಬಾರದವರು ಚಿತ್ರ ಓದಿದರೆ, ಬಿಸಿಲು ಕಾಣದ ಶೆಡ್ಡಿನಲ್ಲಿ ಮಗು ಸಾಕುತ್ತಿರುವ ಬಡ ತಾಯಿ ಪೊಲೀಸ್ ಠಾಣೆ ಹತ್ತಬೇಕಾಗುತ್ತದೆ. ತಪ್ಪಿತಸ್ಥರನ್ನು ಹಿಡಿಯುವುದಕ್ಕೂ ನಿರಪರಾಧಿಯನ್ನು ಕಾಯುವುದಕ್ಕೂ ಬೇಕಾದದ್ದು ಒಂದೇ ಕಣ್ಣು.

ಇದಕ್ಕೆಲ್ಲ ದುಡ್ಡೆಲ್ಲಿ, ತಜ್ಞರೆಲ್ಲಿ ಎಂಬ ಆಕ್ಷೇಪ ಬರುತ್ತದೆ. ತಜ್ಞರು ಕಡಿಮೆ, ನಿಜ. ಆದರೆ ಅವರು ದೂರದಲ್ಲಿದ್ದಾರೆ ಎಂಬ ಮಾತನ್ನು ಈ ಊರು ಆಡುವಂತಿಲ್ಲ. 2000ದ ಹೊತ್ತಿಗೆ ಬೊಮ್ಮಸಂದ್ರದಲ್ಲಿ ಡಾ. ದೇವಿ ಶೆಟ್ಟಿ ಕಟ್ಟಿದ ನಾರಾಯಣ ಹೃದಯಾಲಯವನ್ನು ಚಾಮರಾಜನಗರದ ಜಿಲ್ಲಾಸ್ಪತ್ರೆಯ ಜೊತೆಗೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯ ಜೊತೆಗೂ ಇಸ್ರೊ ಉಪಗ್ರಹದ ಮೂಲಕ ಜೋಡಿಸಿ ಎರಡು ದಶಕ ದಾಟಿದೆ. ಕಾಡಂಚಿನ ಸರಗೂರಿನ ರೋಗಿಯನ್ನು ಬೊಮ್ಮಸಂದ್ರದ ವೈದ್ಯರು ಅಂದೇ ನೋಡಬಹುದಿತ್ತು. ಮಿಸಿಸಿಪಿಯ ಮಗುವಿನ ಸ್ಕ್ಯಾನ್ ವೈಟ್‌ಫೀಲ್ಡ್‌ಗೆ ಬರಬಹುದಾದರೆ ಆನೇಕಲ್‌ ತಾಲ್ಲೂಕು ಆಸ್ಪತ್ರೆಯ ಮಗುವಿನ ಮೊಣಕೈ ಚಿತ್ರ ಇಪ್ಪತ್ತು ಮೂವತ್ತು ಕಿಲೋಮೀಟರ್ ದೂರದ ಮಕ್ಕಳ ತಜ್ಞರ ಪರದೆಗೆ ಹೋಗದಿರಲು ತಾಂತ್ರಿಕ ಕಾರಣ ಒಂದೂ ಇಲ್ಲ.

ಆರೋಗ್ಯ ಇಲಾಖೆ ಆನೇಕಲ್‌ ತಾಲ್ಲೂಕಿನಿಂದಲೇ ಶುರುಮಾಡಲಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಹನ್ನೆರಡು ವರ್ಷದೊಳಗಿನವರ ಪ್ರತಿ ಎಕ್ಸ್‌ರೇಯನ್ನೂ ಮಕ್ಕಳ ರೇಡಿಯಾಲಜಿ ಬಲ್ಲವರು ಅದೇ ದಿನ ಓದುವ ವ್ಯವಸ್ಥೆ ಮಾಡಲಿ. ಯಂತ್ರ ತಯಾರಿಸುವ ಕಂಪನಿಗಳು ತಮ್ಮ ಸಾಮಾಜಿಕ ಹೊಣೆಯ ಹಣದಲ್ಲಿ ಇನ್ನೊಂದು ಯಂತ್ರ ಕೊಡುಗೆ ಕೊಟ್ಟು ಫೋಟೊ ತೆಗೆಸಿಕೊಳ್ಳುವ ಬದಲು, ಟೆಕ್ನಿಷಿಯನ್ನರಿಗೆ ಮಕ್ಕಳ ಎಕ್ಸ್‌ರೇ ತೆಗೆಯುವ ತರಬೇತಿ ಕೊಡಲಿ. ಆಶಾ ಕಾರ್ಯಕರ್ತೆಯರಿಗೂ ನಾಟಿ ಕಟ್ಟು ಕಟ್ಟುವವರಿಗೂ ಒಂದೇ ಒಂದು ಪಾಠ ಸಾಕು: ಮೊಣಕೈ ಊದಿದ ಮಗುವಿಗೆ ಬಿಗಿ ಕಟ್ಟು ಬೇಡ, ಬೆರಳು ತಣ್ಣಗಾದರೆ ಅಥವಾ ಬಿಳಿಚಿಕೊಂಡರೆ ಆ ಗಳಿಗೆಯೇ ಆಸ್ಪತ್ರೆಗೆ ಕಳಿಸಿ. ಸಿ.ಟಿ. ಯಂತ್ರಕ್ಕೆ ಪರವಾನಗಿ ಕೊಡುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಮಗುವಿಗೆ ತಗಲಿದ ವಿಕಿರಣದ ಪ್ರಮಾಣ ರಿಪೋರ್ಟಿನಲ್ಲಿ ಅಚ್ಚಾಗಿಯೇ ಬರುವಂತೆ ಮಾಡಲಿ. ಯಂತ್ರ ಅದನ್ನು ಪ್ರತಿ ಸಲವೂ ಲೆಕ್ಕ ಹಾಕಿಯೇ ಇರುತ್ತದೆ.

ಓದುವ ನೀವು ತಾಯಿಯೋ ತಂದೆಯೋ ಅಜ್ಜಿಯೋ ಆಗಿದ್ದರೆ, ಮುಂದಿನ ಸಲ ಡಾಕ್ಟರು ಸ್ಕ್ಯಾನ್ ಬರೆದಾಗ ಕೇಳಿ: ಇದರಿಂದ ಚಿಕಿತ್ಸೆಯಲ್ಲಿ ಏನು ಬದಲಾಗುತ್ತದೆ, ಅಲ್ಟ್ರಾಸೌಂಡಿನಲ್ಲಿ ತಿಳಿಯದೇ, ಮಕ್ಕಳ ಅಳತೆಯಲ್ಲಿ ತೆಗೆಯುತ್ತೀರಾ? ಡಾಕ್ಟರು ಸ್ಕ್ಯಾನ್ ಬೇಡ ಎಂದಾಗಲೂ ಕೇಳಿ: ಮನೆಯಲ್ಲಿ ಏನನ್ನು ಗಮನಿಸಬೇಕು, ಯಾವ ಲಕ್ಷಣ ಕಂಡರೆ ವಾಪಸ್ ಬರಬೇಕು? ಮಗುವಿನ ಹಳೆಯ ಫಿಲ್ಮ್, ಸಿ.ಡಿ., ರಿಪೋರ್ಟುಗಳನ್ನು ಒಂದೇ ಕವರಿನಲ್ಲಿಟ್ಟು ಆಸ್ಪತ್ರೆಗೆ ಹೋಗುವಾಗಲೆಲ್ಲ ಒಯ್ಯಿರಿ. ನಿಮ್ಮ ಮನೆಗೆಲಸಕ್ಕೆ ಬರುವವರ, ಪಕ್ಕದ ಸೈಟಿನಲ್ಲಿ ಕೆಲಸ ಮಾಡುವವರ ಮಗು ಕೈ ಊದಿಸಿಕೊಂಡು ಕೂತಿರುವುದು ಕಂಡರೆ, ದಯವಿಟ್ಟು ಅವತ್ತೇ ಎಕ್ಸ್‌ರೇಗೆ ಕರೆದೊಯ್ಯಿರಿ.